ಟೆಂಡರ್ ಬದಲಾದ್ರ ನಮ್ಮ ಹನ್ನೊಂದು ವರ್ಷ ಎಲ್ಲಿಗೆ ಹೋದ್ವು?

ಸಂಪಾದಕರಿಗೆ ನಮಸ್ಕಾರ್ರಿ,

ನಾನು ಸಿಂಧನೂರು ತಾಲೂಕಿನ ಒಂದು ಸರ್ಕಾರಿ ಹಾಸ್ಟೆಲ್‌ನ್ಯಾಗ ಅಡುಗಿ ಮಾಡಾಕಿ. ಹನ್ನೊಂದು ವರ್ಷ ಆತು. ಇಲಾಖೆಯವ್ರು ಟೆಂಡರ್ ಕರದು ನಮ್ಮನ್ನ ಗುತ್ತಿಗೆ ಏಜೆನ್ಸಿ ಕೈಯಾಗ ಕೊಡ್ತಾರ. ಈ ಹನ್ನೊಂದು ವರ್ಷದಾಗ ನಾಕು ಏಜೆನ್ಸಿ ಬಂದು ಹೋದ್ವು, ಈಗ ಐದನೇದು ಬಂದೈತಿ. ಡಬರಿ ಅವೇ, ಹಂಚು ಅದೇ, ಮುಂಜಾನೆ ನಾಕಕ್ಕ ಎದ್ದು ಹಿಟ್ಟು ನಾದೋ ಕೈ ಅವೇ, ಉಣ್ಣೋ ಹುಡುಗ್ರಷ್ಟ ವರ್ಷಾ ವರ್ಷಾ ಬದಲಾಗ್ತಾರ. ಆದ್ರ ಕಾಗದದ ಮ್ಯಾಲ ನಾನು ಪ್ರತಿ ಸಲ ಹೊಸಬಾಕಿ. ಹೋದ ತಿಂಗಳು ಹೊಸ ಏಜೆನ್ಸಿಯವ್ರು ಕೊಟ್ಟ ಫಾರಂನ್ಯಾಗ "ಅನುಭವ" ಅಂತ ಒಂದು ಕಾಲಂ ಇತ್ರಿ, ನಾನು 11 ವರ್ಷ ಅಂತ ಬರಸಿದ್ದೆ, ಆ ಹುಡುಗ ಅದನ್ನ ಹೊಡದು ಹಾಕಿ ಸೊನ್ನಿ ಬರದ. "ಅಕ್ಕಾರ, ನಮ್ಮ ಕಂಪನಿಯಾಗ ನೀವು ಇವತ್ತ ಸೇರೀರಲ್ಲ" ಅಂದ. ಪಾಪ ಅವನ ವಯಸ್ಸು ಇಪ್ಪತ್ತೆರಡೋ ಇಪ್ಪತ್ತಮೂರೋ, ಅವನ ಮ್ಯಾಲ ಸಿಟ್ಟು ಮಾಡಿ ಏನು ಮಾಡೂದು.

ಆ ದಿನದ್ದು ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರ ಎಲ್ಲಾ ಅಲ್ಲೇ ಆಗೂದು. ಮಧ್ಯಾಹ್ನ ಮೂರಕ್ಕ ತಾಲೂಕಿನ ಎಲ್ಲಾ ಹಾಸ್ಟೆಲ್‌ನ ಅಡುಗಿಯವ್ರು, ಸಹಾಯಕರು, ಕಾವಲುಗಾರ್ರು ಬರ್ರಿ ಅಂತ ವಾಟ್ಸಾಪ್‌ನ್ಯಾಗ ಹಾಕಿದ್ರು. ನಾವು ಸಾರಿನ ಡಬರಿ ತೊಳದು ಸೀರಿ ಸೆರಗು ಒಣಗೋಕೂ ಬಿಡದ ಟಂಟಂ ಹಿಡದು ಹೋದ್ವಿ. ಒಂದು ಟೇಬಲ್, ಒಂದು ಸ್ಟಾಂಪ್ ಪ್ಯಾಡು, ಫಾರಂಗಳ ಗಂಟು. ಆಧಾರ್ ಜೆರಾಕ್ಸ್, ಬ್ಯಾಂಕ್ ಪಾಸ್‌ಬುಕ್ ಜೆರಾಕ್ಸ್, ನಾಕು ಫೋಟೊ, ಒಂದು ಬಾಂಡ್ ಪೇಪರ್. ಬಾಂಡ್ ಪೇಪರ್‌ನ್ಯಾಗ ಏನೂ ಬರದಿರಲಿಲ್ಲ, ಖಾಲಿ. "ಸೈನ್ ಮಾಡ್ರಿ, ಟೈಪ್ ಆಮ್ಯಾಲೆ ಮಾಡಸ್ತೀವಿ" ಅಂದ್ರು. ಆಮ್ಯಾಲೆ ಮೆಲ್ಲಕ ಇನ್ನೊಂದು ಮಾತು ಬಂತು, ಡಿಪಾಜಿಟ್ ಅಂತ. ಎಷ್ಟು ಅಂತ ಇಲ್ಲಿ ಬರಿಯಂಗಿಲ್ಲ, ರಸೀದಿ ಕೊಡದ ದುಡ್ಡಿಗೆ ನಾನು ಏನು ಸಾಕ್ಷಿ ತರ್ಲಿ. ಒಂದು ತಿಂಗಳ ಪಗಾರಕ್ಕಿಂತ ಜಾಸ್ತಿ ಅಂತ ತಿಳ್ಕೊರ್ರಿ ಸಾಕು. ಕೊಡದಿದ್ರ "ನಮ್ಮ ಕಡೆ ಬ್ಯಾರೆ ಮಂದಿ ಪಾಳಿ ಹಚ್ಚ್ಯಾರ" ಅಂತ.

ನಮ್ಮ ಸಂಘದವ್ರು ಮೊದ್ಲೇ ಮೀಟಿಂಗ್ ಮಾಡಿ ಯಾರೂ ಖಾಲಿ ಪೇಪರ್‌ಗೆ ಸೈನ್ ಮಾಡಬಾರ್ದು, ಯಾರೂ ಒಂದು ರೂಪಾಯಿ ಕೊಡಬಾರ್ದು ಅಂತ ಗಟ್ಟಿ ಮಾಡಿದ್ದಿವಿ. ಸತ್ಯ ಹೇಳ್ತೀನ್ರಿ, ಗಟ್ಟಿ ಇರಲಿಲ್ಲ ಅದು. ಐದೂವರಿ ಆಗೂದ್ರಾಗ ಅರ್ಧಕ್ಕರ್ಧ ಮಂದಿ ಸೈನ್ ಮಾಡಿದ್ರು, ನಾನೂ ಮಾಡಿದೆ. ರಾತ್ರಿ ಊಟಕ್ಕ ಅನ್ನಕ್ಕಿಡೂದು ತಡ ಆಗ್ತಿತ್ತು, ವಾರ್ಡನ್ ಸರ್ ಫೋನ್ ಮ್ಯಾಲ ಫೋನ್ ಮಾಡ್ತಿದ್ರು, ಅದೊಂದು ನೆವ. ಅಂಜಿಕಿ ನಿಜವಾದ ಕಾರಣ. ಡಿಪಾಜಿಟ್ ಮಾತ್ರ ನಾನು ಕೊಡ್ಲಿಲ್ಲ, ಕೊಡಾಕ ಇರಲೂ ಇಲ್ಲ.

ಈಗ ನಮ್ಮ ಪ್ರಶ್ನೆ ಏನಂದ್ರ, ಟೆಂಡರ್ ಬದಲಾತು ಅಂದ ಕೂಡ್ಲೆ ಹಳೇದೆಲ್ಲಾ ತೊಳದು ಹೋಗ್ತೈತೇನ್ರಿ? ಹೊಸ ಮ್ಯಾನೇಜರ್ ಹೇಳೂದು ಹಂಗ. ಹಿಂದಿನ ಏಜೆನ್ಸಿ ಇದ್ದಾಗ ಎರಡು ದಿನ ತಹಶೀಲ್ ಆಫೀಸ್ ಮುಂದ ಕುಂತು, ತಿಂಗಳಿಗೆ ನಾಕು ದಿನ ವಾರದ ರಜಾ, ಪಗಾರ ಹತ್ತನೇ ತಾರೀಖಿನ ಒಳಗ, ಪಗಾರದ ಸ್ಲಿಪ್ ಅಂತ ಮೂರು ಮಾತು ಒಪ್ಪಿಸಿದ್ದಿವಿ. ಹೊಸಬ್ರಿಗೆ ಅದನ್ನ ಹೇಳಿದ್ರ "ಅದು ಅವ್ರ ಜೋಡಿ ಆಗಿದ್ದು, ನಮಗೂ ಅದಕ್ಕೂ ಏನ್ ಸಂಬಂಧ" ಅಂತಾರ. ಹಳಬ್ರಿಗೆ ಫೋನ್ ಹಚ್ಚಿದ್ರ ಎತ್ತಂಗಿಲ್ಲ. ಇಲಾಖೆಯವ್ರನ್ನ ಕೇಳಿದ್ರ "ನೀವು ನಮ್ಮ ನೌಕರ್ರಲ್ಲ, ಏಜೆನ್ಸಿಯವ್ರು" ಅಂತಾರ. ಮೂರು ಬಾಗಲಾ ಬಡದ್ವಿ, ಮೂರೂ ಮುಚ್ಚಿದ್ವು.

ನಮ್ಮ ಸಂಘಕ್ಕ ಬರೋ ಒಬ್ರು ವಕೀಲ್ರು ಅದಾರ, ಫೀಸು ತಗೊಳ್ಳಂಗಿಲ್ಲ, ಚಾ ಮಾತ್ರ ಮೂರು ಸಲ ಬೇಕು. ಅವ್ರು ಒಂದು ಸಂಜಿ ಕುಂತು ಹೇಳಿದ್ದರಾಗ ನನಗ ತಿಳದಷ್ಟು ಬರೀತೀನಿ. ನಮ್ಮಂಥಾ ಸಾವಿರಾರು ಮಂದಿ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಆಸ್ಪತ್ರಿ, ಹಾಸ್ಟೆಲ್ಲು, ಫ್ಯಾಕ್ಟ್ರಿ, ನೀರಿನ ವಾಲ್ವು, ಎಲ್ಲಾ ಕಡೆ ಹಿಂಗ ದುಡೀತಾರ, ಅವ್ರಿಗೂ ಗೊತ್ತಾಗ್ಲಿ.

ಮೊದಲನೇದು ಪಗಾರ. 1970ರ ಗುತ್ತಿಗೆ ಕಾರ್ಮಿಕರ ಕಾಯ್ದೆಯಾಗ 21ನೇ ಕಲಂ ಅಂತ ಇತ್ತಂತ. ಗುತ್ತಿಗೆದಾರ ಪಗಾರ ಕೊಡ್ಲಿಲ್ಲ ಅಂದ್ರ, ಕಡಿಮಿ ಕೊಟ್ಟ ಅಂದ್ರ, ಕೆಲಸ ಯಾರದೋ ಅವ್ರ ಕೊಡಬೇಕು, ಕೊಟ್ಟು ಆಮ್ಯಾಲೆ ಗುತ್ತಿಗೆದಾರನ ಬಿಲ್ಲಿನಾಗ ಮುರ್ಕೊಬೇಕು. ಪ್ರಿನ್ಸಿಪಲ್ ಎಂಪ್ಲಾಯರ್ ಅಂತಾರಂತ ಅವ್ರಿಗೆ. 2025ರ ನವೆಂಬರ್ 21ರಿಂದ ಹಳೆ ಕಾಯ್ದೆಗಳ ಜಾಗಕ್ಕ ನಾಕು ಹೊಸ ಸಂಹಿತೆ ಬಂದಾವ, ಎಲ್ಲಾ ಬದಲಾತು ಅಂತ ಹೇಳಿ ನಮ್ಮನ್ನ ಹೆದರಸಾಕ ಕೆಲವ್ರು ಅದನ್ನೂ ಉಪಯೋಗಿಸ್ತಾರ, ಆದ್ರ ಈ ಮಾತು ಹೊಸದ್ರಾಗೂ ಹಂಗ ಉಳದೈತಿ. ಬದಲಾಗಿದ್ದು ಏನಂದ್ರ ಮೊದ್ಲು 20 ಮಂದಿ ಗುತ್ತಿಗೆಯವ್ರು ಇದ್ರ ಕಾಯ್ದೆ ಲೆಕ್ಕಕ್ಕ ಬರ್ತಿತ್ತು, ಈಗ 50 ಮಂದಿ ಬೇಕು. ಸಣ್ಣ ಸಣ್ಣ ತುಂಡು ಮಾಡಿ ಟೆಂಡರ್ ಕೊಟ್ರ ಏನಾಗ್ತೈತಿ ಅಂತ ಬ್ಯಾರೆ ಹೇಳಬೇಕಾ.

ಇನ್ನೊಂದು ಮಾತು ಅದ್ರಾಗ ಐತಿ, ವಕೀಲ್ರು ಹೇಳಿದಾಗ ನನಗ ನಗಿ ಬಂತು. ಹೊಸ ಸಂಹಿತೆ ಪ್ರಕಾರ ಮುಖ್ಯ ಕೆಲಸಕ್ಕ ಗುತ್ತಿಗೆಯವ್ರನ್ನ ಹಚ್ಚಬಾರ್ದು, ಆದ್ರ ಕಸ ಹೊಡಿಯೂದು, ಕಾವಲು, ಅಡುಗಿ ಕ್ಯಾಂಟೀನು ಇವು ಮುಖ್ಯ ಕೆಲಸ ಅಲ್ಲ, ಆ ಸಂಸ್ಥೆ ಇರೂದೇ ಆ ಕೆಲಸಕ್ಕ ಅಂದ್ರ ಮಾತ್ರ ಮುಖ್ಯ ಅಂತ. ಹಂಗಾದ್ರ ಹಾಸ್ಟೆಲ್ ಇರೂದು ಯಾತಕ್ರಿ? ಹುಡುಗ್ರು ಉಣ್ಣಾಕ ಮಲಗಾಕ ಅಲ್ಲೇನು? ಅಡುಗಿ ನಿಂತ್ರ ಹಾಸ್ಟೆಲ್‌ನ್ಯಾಗ ಉಳಿಯೂದು ಏನು, ಟ್ರಂಕು ಮತ್ತ ಕಾಟು. ಈ ಪ್ರಶ್ನೆ ಕೋರ್ಟಿನ್ಯಾಗ ಯಾರರೆ ಕೇಳಬೇಕು ಅಂತ ನಾನು ವಕೀಲ್ರಿಗೆ ಹೇಳಿದೆ, ಅವ್ರು ಇನ್ನೊಂದು ಚಾ ತರ್ಸು ಅಂದ್ರು.

ಎರಡನೇದು ಪಿಎಫ್, ಇದ್ರಾಗ ನನ್ನ ಹೊಟ್ಟಿ ಉರೀತೈತಿ. ನಮ್ಮ ಪಗಾರದಾಗ ನೂರಕ್ಕ 12 ಕಡೀತಾರ, ಅಷ್ಟೇ ಅವ್ರೂ ಹಾಕಬೇಕು, ಮುಂದಿನ ತಿಂಗಳು 15ರ ಒಳಗ ಕಟ್ಟಬೇಕು. ನನ್ನ ಮಗಳು ಪಿಯುಸಿ ಮುಗಿಸ್ಯಾಳ, ಒಂದು ರಾತ್ರಿ ನನ್ನ ಫೋನಿನ್ಯಾಗ ಉಮಂಗ್ ಅನ್ನೋ ಸರ್ಕಾರಿ ಆ್ಯಪ್ ಹಾಕಿ ಪಾಸ್‌ಬುಕ್ ತಗದು ನೋಡಿದ್ಲು. ಒಂದೊಂದ ತಿಂಗಳು ಓದ್ಕೊಂತ ಬಂದಾಕಿ ಸುಮ್ಮನಾದ್ಲು. "ಯವ್ವಾ, ಇಲ್ಲಿ ಏಳು ತಿಂಗಳು ಇಲ್ಲ ಬೇ" ಅಂದ್ಲು. ಹಳೇ ಏಜೆನ್ಸಿ ಕಡೀ ಕಡೀಗೆ ಏಳು ತಿಂಗಳು ನಮ್ಮಿಂದ ಕಡದಿದ್ದು ಕಟ್ಟೇ ಇಲ್ಲ. ಲೆಕ್ಕ ಹಾಕ್ರಿ, ಪಗಾರ 13,000 ಅಂತ ಹಿಡದ್ರ ನಂದು 1,560, ಅವ್ರದು 1,560, ತಿಂಗಳಿಗೆ 3,120. ಏಳು ತಿಂಗಳಿಗೆ 21,840 ರೂಪಾಯಿ. ಹಿಂಗ ನೂರು ಮಂದಿದು ಉಳಸ್ಕೊಂಡ್ರ 21 ಲಕ್ಷ 84 ಸಾವಿರ. ಟೆಂಡರ್ ಮುಗೀತು, ಬ್ಯಾಗು ಹಾಕ್ಕೊಂಡು ಹೋದ್ರು.

ಕಡದ ದುಡ್ಡು ಕಟ್ಟದೇ ಇಟ್ಕೊಂಡ್ರ ಅದು ನಂಬಿಕೆ ದ್ರೋಹದ ಕೇಸು ಆಗ್ತೈತಂತ. ಮತ್ತ ಪಿಎಫ್ ಸ್ಕೀಮಿನಾಗೂ ಹಂಗ, ಗುತ್ತಿಗೆದಾರನ ಕೆಳಗಿನ ಮಂದಿದೂ ಕಟ್ಟೂ ಜವಾಬ್ದಾರಿ ಮೊದ್ಲು ಪ್ರಿನ್ಸಿಪಲ್ ಎಂಪ್ಲಾಯರ್ ಮ್ಯಾಲ. ಇಷ್ಟೆಲ್ಲಾ ಕಾಗದದಾಗ ಐತಿ. ನಾವು ಆರು ಮಂದಿ ಒಂದು ಸೋಮವಾರ ಪಾಳಿ ಬದಲಿ ಮಾಡ್ಕೊಂಡು ಪೋತ್ನಾಳ, ಮಾನ್ವಿ ಮ್ಯಾಲಿಂದ ಬಸ್ ಹಿಡದು ರಾಯಚೂರಿನ ಪಿಎಫ್ ಆಫೀಸಿಗೆ ಹೋದ್ವಿ. ಅಲ್ಲಿನವ್ರು ಕೆಟ್ಟ ಮಾತಾಡ್ಲಿಲ್ಲ, ಅರ್ಜಿ ತಗೊಂಡ್ರು, ಪಗಾರದ ಸ್ಲಿಪ್ ಐತೇನು ಅಂದ್ರು. ಸ್ಲಿಪ್ಪು ಕೊಟ್ಟಿದ್ರ ತಾನೆ! ಒಪ್ಪಿಸಿದ್ದು ನಾವು, ಕೊಟ್ಟಿದ್ದು ಎರಡ ತಿಂಗಳು. ಬ್ಯಾಂಕ್ ಪಾಸ್‌ಬುಕ್‌ನ್ಯಾಗ ಬಂದ ಪಗಾರ ತೋರ್ಸಿದ್ವಿ, ಕಡದಿದ್ದು ಅದ್ರಾಗ ಕಾಣಂಗಿಲ್ಲ, ಕೈಗೆ ಬಂದಿದ್ದಷ್ಟ ಕಾಣ್ತೈತಿ. ಅದಕ್ಕ ಎಲ್ಲಾರಿಗೂ ಹೇಳ್ತೀನಿ, ಸ್ಲಿಪ್ ಸಿಗದಿದ್ರ ವಾರ್ಡನ್ ಹಾಜರಾತಿ ಪುಸ್ತಕದ ಫೋಟೊನರೆ ತಿಂಗಳಾ ತಿಂಗಳಾ ತಗದು ಇಟ್ಕೊರ್ರಿ, ನಮಗ ಕಡೀಗೆ ಉಪಯೋಗ ಆಗಿದ್ದು ಅದು.

ಇನ್ನೊಂದು ಸಣ್ಣದು ಆದ್ರ ದೊಡ್ಡ ತ್ರಾಸು. ಹಳೇ ಏಜೆನ್ಸಿಯವ್ರು ಹೋಗೂ ಮುಂದ ನಾವು ಕೆಲಸ ಬಿಟ್ಟ ದಿನಾಂಕ ಪಿಎಫ್ ಪೋರ್ಟಲ್‌ನ್ಯಾಗ ಹಾಕಿಲ್ಲ. ಹಾಕದಿದ್ರ ಹಳೇ ದುಡ್ಡು ಹೊಸ ಖಾತೆಗೆ ಸರೀಯಂಗಿಲ್ಲ. ಕೆಲವ್ರಿಗೆ ಹೊಸಬ್ರು ಆಧಾರ್ ಹೆಸರಿನ್ಯಾಗ ಒಂದು ಅಕ್ಷರ ಹೆಚ್ಚು ಕಡಿಮಿ ಐತಿ ಅಂತ ಇನ್ನೊಂದು ಯುಎಎನ್ ನಂಬರ್ (ಒಬ್ರಿಗೆ ಒಂದ ಇರಬೇಕಾದ ಪಿಎಫ್ ನಂಬರ್) ಮಾಡ್ಯಾರ, ಹಿಂಗಾಗಿ ಒಬ್ಬಾಕಿ ಹೆಸರಿಗೆ ಎರಡು ಎರಡು. ಕಡೀ ವಂತಿಗೆ ಬಿದ್ದು ಎರಡು ತಿಂಗಳು ಆದಮ್ಯಾಲೆ ಬಿಟ್ಟ ದಿನಾಂಕ ನಾವೇ ಆಧಾರ್ ಓಟಿಪಿ ಹಾಕಿ ತುಂಬಬಹುದು, ಮಗಳು ನಂದು ತುಂಬಿದ್ಲು, ಆಮ್ಯಾಲೆ ಹಾಸ್ಟೆಲ್‌ನ ಎಲ್ಲಾರದೂ ತುಂಬಿ ಕೊಟ್ಲು. ಇದು ಯಾಕ ಮುಖ್ಯ ಅಂದ್ರ 10 ವರ್ಷ ಸೇವೆ ಕೂಡಿದ್ರ ಪಿಎಫ್‌ನ್ಯಾಗ ಪಿಂಚಣಿ ಐತಿ. ಅಷ್ಟಿಷ್ಟು ಅಂದ್ರೂ ಮುದುಕಿ ಆದಾಗ ಯಾರ ಮುಂದೂ ಕೈಚಾಚದಂಗ ಆಗ್ತೈತಿ. ತಿಂಗಳು ತಪ್ಪಿದ್ರ, ಖಾತೆ ಒಡದ್ರ, ಆ ಹತ್ತು ಕೂಡಂಗಿಲ್ಲ.

ಮೂರನೇದು ಗ್ರಾಚ್ಯುಟಿ, ಅಂದ್ರ ಕೆಲಸ ಬಿಡೂ ಮುಂದ ಸೇವೆ ಲೆಕ್ಕ ಹಾಕಿ ಕೊಡೋ ಇಡಿಗಂಟು, ಇದನ್ನ ನಮ್ಮಾಗ ಬಾಳ ಮಂದಿ ಕೇಳೇ ಇಲ್ಲ. 1972ರ ಹಳೇ ಕಾಯ್ದೆಯಾಗ ಇದ್ದಂಗ ಐದು ವರ್ಷ ಒಬ್ರ ಹತ್ರ ದುಡದ್ರ ವರ್ಷಕ್ಕ 15 ದಿನದ ಪಗಾರ, ತಿಂಗಳ ಪಗಾರಾನ 26ಕ್ಕ ಭಾಗಿಸಿ ಲೆಕ್ಕ. ಅದೇ 13,000ಕ್ಕ ವರ್ಷಕ್ಕ 7,500 ಆತು, ನನ್ನ 11 ವರ್ಷಕ್ಕ 82,500. ಮಗಳ ಕಾಲೇಜಿನ ಫೀಸು ಕಟ್ಟಬಹುದು. ಆದ್ರ ನೋಡ್ರಿ ಹಿಕಮತ್ತು, ಏಜೆನ್ಸಿ ಎರಡು ಮೂರು ವರ್ಷಕ್ಕ ಬದಲಾಗ್ತೈತಿ, ಒಬ್ರ ಹತ್ರಾನೂ ಐದು ತುಂಬಂಗಿಲ್ಲ. ಹೆಚ್ಚಿಗೆ ಅಂದ್ರ ನಾಕು. ದುಡದಿದ್ದು ಅದೇ ಒಲಿ ಮುಂದ ಹನ್ನೊಂದು ವರ್ಷ, ಲೆಕ್ಕದಾಗ ಎರಡು, ಮೂರು, ನಾಕು ಅಂತ ಹರಕು ಮುರುಕು. ಬೇಕಂತ ಮಾಡ್ತಾರೋ ಇಲ್ಲೋ ಗೊತ್ತಿಲ್ಲ, ಮಾಡಿದ್ರೂ ಇದಕ್ಕಿಂತ ಚಂದ ಮಾಡಾಕ ಆಗ್ತಿರಲಿಲ್ಲ.

ಇಎಸ್ಐದು, ಅಂದ್ರ ಕಾರ್ಮಿಕರ ದವಾಖಾನಿ ವಿಮಾದ್ದು, ಎರಡು ಮಾತಿನ್ಯಾಗ ಹೇಳ್ತೀನಿ. ಹಿಂದಿನ ಸಲ ಏಜೆನ್ಸಿ ಬದಲಾದ ಹೊತ್ತಿನ್ಯಾಗ ಕುದಿಯೋ ಸಾಂಬಾರು ಇಳಸೋವಾಗ ನನ್ನ ಎಡಗೈ ಮೊಳಕೈ ತನಕ ಸುಟ್ತು. ಹಳಬ್ರು ಕಾರ್ಡು ನಿಂತೈತಿ ಅಂದ್ರು, ಹೊಸಬ್ರು ಇನ್ನೂ ಆಗಿಲ್ಲ ಅಂದ್ರು, ಪ್ರೈವೇಟ್ ದವಾಖಾನಿಗೆ ಕೈಯಿಂದ ಹಾಕಿದೆ. ಕೆಲಸದಾಗ ಆದ ಗಾಯಕ್ಕ ಇಷ್ಟು ತಿಂಗಳು ವಂತಿಗೆ ತುಂಬಿರಬೇಕು ಅನ್ನೋ ಷರತ್ತ ಇಲ್ಲ, ಮೊದಲನೇ ದಿನದಿಂದ ಲಾಗೂ ಅಂತ ವಕೀಲ್ರಿಂದ ಈಗ ಗೊತ್ತಾತು. ಸುಟ್ಟ ಕಲಿ ಇನ್ನೂ ಹಂಗ ಐತಿ.

ಇನ್ನ ಸಂಘದ ಒಪ್ಪಂದ. ಇದ್ರಾಗ ನಮ್ಮದೂ ತಪ್ಪೈತಿ. ಕಾರ್ಮಿಕ ಅಧಿಕಾರಿ ಮುಂದ ರಾಜಿ ಸಂಧಾನದಾಗ ಬರವಣಿಗೆಯಾಗ ಒಪ್ಪಂದ ಆದ್ರ, 1947ರ ಹಳೇ ಕಾಯ್ದೆಯ 18ನೇ ಕಲಂನ್ಯಾಗ ಅದು ಮಾಲೀಕನಿಗಷ್ಟ ಅಲ್ಲ ಅವನ ಉತ್ತರಾಧಿಕಾರಿಗೂ ಕಟ್ಟು ಅಂತ ಇತ್ತು. ಹೊಸ ಗುತ್ತಿಗೆದಾರ ಹಳಬನ ಉತ್ತರಾಧಿಕಾರಿ ಹೌದೋ ಅಲ್ಲೋ ಅಂತ ವಾದ ಮಾಡಬಹುದು, ಅದಕ್ಕ ಇಲಾಖೆಯವ್ರನ್ನೂ ಒಪ್ಪಂದದಾಗ ಒಂದು ಕಡೆ ಪಾರ್ಟಿ ಮಾಡಿ ಸೈನ್ ಹಾಕಿಸಬೇಕಿತ್ತು ಅಂದ್ರು ವಕೀಲ್ರು. ಇಲಾಖೆ ಅಂತೂ ಬದಲಾಗಂಗಿಲ್ಲಲ್ಲ. ನಾವು ಏನು ಮಾಡಿದ್ವಿ, ತಹಶೀಲ್ ಆಫೀಸ್ ಮುಂದ ಟೆಂಟಿಗೆ ಏಜೆನ್ಸಿ ಸೂಪರ್‌ವೈಸರ್ ಬಂದು ಮೈಕಿನ್ಯಾಗ "ಆತು ಒಪ್ಪಿದ್ವಿ" ಅಂದ, ನಾವು ಚಪ್ಪಾಳಿ ತಟ್ಟಿ ಶೇಂಗಾ ಚುರುಮುರಿ ತಿಂದು ಮನಿಗೆ ಬಂದ್ವಿ. ಮೈಕಿನ ಮಾತು ಮೈಕಿನ ಜೋಡಿನ ಹೋತು.

ಬ್ರಿಟನ್ ದೇಶದಾಗ 2006ರಿಂದ ಒಂದು ನಿಯಮ ಐತಂತ, ಕಸದ್ದೋ ಅಡುಗಿದೋ ಗುತ್ತಿಗೆ ಒಬ್ಬನಿಂದ ಇನ್ನೊಬ್ಬನಿಗೆ ಹೋದ್ರ ಆ ಕೆಲಸದಾಗಿನ ಮಂದಿ, ಅವ್ರ ಹಳೇ ಸೇವೆ, ಷರತ್ತು ಎಲ್ಲಾ ಹೊಸಬನ ಕಡೆ ಹಂಗ ಹೋಗ್ತಾವ. ನಮ್ಮನ್ನ ಆಳಿ ಹೋದವ್ರು ಎಷ್ಟೋ ಕಾಯ್ದೆ ಬಿಟ್ಟು ಹೋದ್ರು, ಇದೊಂದು ಆವಾಗ ಅವ್ರ ಹತ್ರಾನೂ ಇರಲಿಲ್ಲ ಬಿಡ್ರಿ.

ಅಷ್ಟು ದೂರ ಯಾಕ, ನಮ್ಮ ಬೀದರ್ ಜಿಲ್ಲೆಯಾಗ ಏಜೆನ್ಸಿ ಬದ್ಲು ಕಾರ್ಮಿಕರ ಸಹಕಾರ ಸಂಘದ ಮೂಲಕ ಹೊರಗುತ್ತಿಗೆ ಮಂದಿನ ತಗೊಳ್ಳೋ ಪದ್ಧತಿ ಐತಿ. ಬೀದರ್ ಮಾದರಿ ಅಂತ ನಮ್ಮ ಧರಣಿಗಳಾಗ ಕೂಗೂದು ಅದನ್ನ. ಅಲ್ಲೂ ಎಲ್ಲಾ ಹೂವಿನ ಹಾಸಿಗಿ ಅಂತ ನಾನು ಹೇಳಂಗಿಲ್ಲ, ಆದ್ರ ಎರಡು ವರ್ಷಕ್ಕೊಮ್ಮೆ ಹೊಸ ಮಾವನ ಮನಿಗೆ ಹೋದಂಗ ಹೆಸರು, ಊರು, ಅನುಭವ ಅಂತ ಮತ್ತ ಮೊದಲಿಂದ ಹೇಳೋ ಗೋಳು ತಪ್ತೈತಲ್ಲ. ಪೌರಕಾರ್ಮಿಕರಿಗೂ ಗುತ್ತಿಗೆ ತಗದು ನೇರ ಪಾವತಿ ಮಾಡಿದ್ದು ಇದೇ ರಾಜ್ಯ, ಅವ್ರು ಬೀದಿಗಿಳದು ಹೋರಾಟ ಮಾಡಿ ತಗೊಂಡಿದ್ದು.

ಕಾಯಂ ಮಾಡ್ರಿ ಅಂದ್ರ ಅಧಿಕಾರಿಗಳು ಉಮಾದೇವಿ ಕೇಸು ಅಂತಾರ. 2006ರಾಗ ನಮ್ಮ ಕರ್ನಾಟಕದ್ದೇ ಕೇಸು ಅದು, ತಾತ್ಕಾಲಿಕ ಮಂದಿಗೆ ಕಾಯಂ ಅನ್ನೋದು ಹಕ್ಕಲ್ಲ ಅಂತ ಸುಪ್ರೀಂ ಕೋರ್ಟ್ ಹೇಳ್ತು. ಆ ಹೆಸರು ಕೇಳಿ ಕೇಳಿ ನಮಗ ಬಾಯಿಪಾಠ ಆಗೈತಿ. ಆದ್ರ 2024ರ ಡಿಸೆಂಬರ್‌ನ್ಯಾಗ ಅದೇ ಸುಪ್ರೀಂ ಕೋರ್ಟ್, ಕೇಂದ್ರ ಜಲ ಆಯೋಗದ ಆಫೀಸಿನ್ಯಾಗ ವರ್ಷಗಟ್ಟಲೆ ಕಸ ಗುಡಿಸಿದ ಹೆಣ್ಮಕ್ಳು, ತೋಟದ ಕೆಲಸದವ ಇವ್ರ ಕೇಸಿನ್ಯಾಗ, ಉಮಾದೇವಿ ತೀರ್ಪನ್ನ ಬಡವ್ರ ಕೆಲಸ ಕಸಗೊಳ್ಳಾಕ ಅಡ್ಡಾ ಹಿಡೀಬ್ಯಾಡ್ರಿ ಅನ್ನೋ ಅರ್ಥದಾಗ ಹೇಳಿ ಅವ್ರನ್ನ ಕಾಯಂ ಮಾಡಿಸ್ತು. ಈ ಕೇಸಿನ ಹೆಸರು ಮಾತ್ರ ಒಬ್ಬ ಅಧಿಕಾರಿ ಬಾಯಾಗೂ ನಾನು ಕೇಳಿಲ್ಲ. ನಮ್ಮದು ಏಜೆನ್ಸಿ ಮೂಲಕ, ಅವ್ರದು ನೇರ ತಗೊಂಡಿದ್ದು, ಫರಕ್ ಐತಿ ಅಂತ ವಕೀಲ್ರು ಎಚ್ಚರಾನೂ ಕೊಟ್ರು, ಅದನ್ನೂ ಬರೀಬೇಕಲ್ಲ.

ಕಾಯಂ ಮಾತು ಆಮ್ಯಾಲೆ ಇರ್ಲಿ. ಇವತ್ತು ನಾಳೆ ಆಗೂವಂಥಾದ್ದು ಒಂದ ಕೇಳ್ತೀನ್ರಿ, ಇದಕ್ಕ ವಿಧಾನಸೌಧದ ತನಕ ಹೋಗೂದು ಬ್ಯಾಡ, ಜಿಲ್ಲಾ ಮಟ್ಟದಾಗ ಟೆಂಡರ್ ಕಾಗದ ಟೈಪ್ ಮಾಡೋ ಸಾಹೇಬ್ರು ಒಂದು ಪುಟ ಜಾಸ್ತಿ ಹಾಕಿದ್ರ ಆತು. ಆ ಪುಟದಾಗ ಈಗ ಕೆಲಸದಾಗ ಇರೋ ಮಂದಿ ಹೆಸರು, ಅವ್ರು ಮೊದಲನೇ ಸಲ ಆ ಹಾಸ್ಟೆಲ್‌ಗೆ ಬಂದ ದಿನಾಂಕ, ಯುಎಎನ್ ನಂಬರ್ ಇರ್ಲಿ, ಯಾರು ಟೆಂಡರ್ ಹಿಡೀತಾರೋ ಅವ್ರು ಈ ಮಂದಿನ ಈ ದಿನಾಂಕದಿಂದ ಲೆಕ್ಕ ಹಿಡದು ತಗೋಬೇಕು ಅಂತ ಬರೀಲಿ. ಅದ್ರ ಜೋಡಿ, ಹಳೇ ಏಜೆನ್ಸಿ ಇಟ್ಟ ಭದ್ರತಾ ಠೇವಣಿ ಮತ್ತ ಕಡೀ ಬಿಲ್ಲು ಬಿಡೂಕಿಂತ ಮೊದ್ಲು ನಮ್ಮ ಪಿಎಫ್ ಪಾಸ್‌ಬುಕ್ ಒಂದ ಸಲ ತಗದು ನೋಡ್ಲಿ. ಚಲನ್ ಅಲ್ಲ, ಪಾಸ್‌ಬುಕ್. ಚಲನ್‌ನ್ಯಾಗ ನೂರು ಮಂದಿ ಬದ್ಲಿ ಅರವತ್ತು ಮಂದಿದು ಕಟ್ಟಿದ್ರೂ ಚಲನ್ ಚಲನ್ನೇ, ಮ್ಯಾಲ ಸೀಲು ಇರ್ತೈತಿ, ಫೈಲಿಗೆ ಸೇರ್ತೈತಿ. ದುಡ್ಡು ಸರ್ಕಾರದ ಕೈಯಾಗ ಇರೋ ತನಕಷ್ಟ ಏಜೆನ್ಸಿಯವ್ರು ಫೋನ್ ಎತ್ತತಾರ, ಇದು ನಾಕು ಏಜೆನ್ಸಿ ನೋಡಿದಾಕಿ ಹೇಳೋ ಮಾತು. ಮತ್ತ ಹೊಸಬ್ರು ಸೈನ್ ತಗೊಳ್ಳೋ ದಿನ ಇಲಾಖೆದು ಒಬ್ರು ಆ ಟೇಬಲ್ ಹತ್ರ ಕುರ್ಚಿ ಹಾಕ್ಕೊಂಡು ಕುಂತ್ರ ಡಿಪಾಜಿಟ್ ಅನ್ನೋ ಮಾತು ಯಾರ ಬಾಯಾಗೂ ಬರಂಗಿಲ್ಲ.

ಈ ಪತ್ರ ಮಗಳು ಫೋನಿನ್ಯಾಗ ಟೈಪ್ ಮಾಡ್ಯಾಳ, ನಾನು ಹೇಳಿದಂಗ, ತಪ್ಪು ಇದ್ರ ನೀವ ತಿದ್ಕೊರ್ರಿ. ಉದ್ದ ಆತು ಅಂತ ಕತ್ತರಿ ಹಾಕೂದಾದ್ರ ಬ್ರಿಟನ್‌ದು ತಗೀರಿ, ಪಿಎಫ್‌ದು ತಗೀಬ್ಯಾಡ್ರಿ. ನನ್ನ ಹೆಸರು, ಹಾಸ್ಟೆಲ್ ಹೆಸರು ಮಾತ್ರ ಹಾಕಬ್ಯಾಡ್ರಿ, ಆ ಖಾಲಿ ಬಾಂಡ್ ಪೇಪರ್ ಇನ್ನೂ ಅವ್ರ ಬ್ಯಾಗಿನ್ಯಾಗ ಐತಿ, ನನ್ನ ಸೈನ್ ಕೆಳಗಡೆ ಐತಿ, ಮ್ಯಾಲ ಏನು ಟೈಪ್ ಮಾಡ್ಸ್ತಾರೋ ಗೊತ್ತಿಲ್ಲ. ನಾಳೆ ಮುಂಜಾನೆ ನಾಕಕ್ಕ ಪಾಳಿ ನಂದ.

ಇಂತಿ,
ಒಬ್ಬ ಹೊರಗುತ್ತಿಗೆ ಅಡುಗಿಯಾಕಿ
ಸಿಂಧನೂರು ತಾಲೂಕು, ರಾಯಚೂರು ಜಿಲ್ಲೆ